ತಪ್ಪನ್ನು ಮುಚ್ಚಿಡದ ವಕೀಲ

ಗಾಂಧೀಜಿಯವರ ಚಿತ್ರವಿಲ್ಲದ ಸರ್ಕಾರಿ ಶಾಲೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಅಕ್ಟೋಬರ್ 2 ಬಂತೆಂದರೆ ಅವರ ಬಗ್ಗೆ ಪ್ರಬಂಧ ಬರೆಯದ, ಭಾಷಣ ಕೇಳದ ವಿದ್ಯಾರ್ಥಿಯೂ ಇಲ್ಲ. ನಮ್ಮ ಪ್ರಬಂಧಗಳಲ್ಲಿ ದಂಡಿಯಾತ್ರೆ ಇರುತ್ತಿತ್ತು, ಚರಕ ಇರುತ್ತಿತ್ತು, ಮೂರು ಕೋತಿಗಳು ತಪ್ಪದೆ ಇರುತ್ತಿದ್ದವು. ಆದರೆ ಅವರು ಸುಮಾರು ಇಪ್ಪತ್ತು ವರ್ಷ ಕೋರ್ಟು ಕಚೇರಿ ಅಲೆದು ದುಡಿದ ವಕೀಲರು ಎಂಬ ಸಂಗತಿ ಮಾತ್ರ, ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆದರು ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿತ್ತು.

ಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದ ಸಂಚಿಕೆಗೆ ಮಹನೀಯರೊಬ್ಬರ ಜೀವನದ ಬಗ್ಗೆ ಬರೆಯಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಆ ಒಂದು ಸಾಲನ್ನೇ ಬಿಡಿಸಿ ಬರೆಯೋಣ ಎನ್ನಿಸಿತು. ನಾನು ಕಾನೂನು ಓದಿದವನಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿರುವವನು. ಆದರೂ ಗಾಂಧೀಜಿಯವರ ವಕೀಲಿ ಜೀವನ ನನಗೆ ಹತ್ತಿರದ್ದೆನಿಸಲು ಕಾರಣವಿದೆ. ಯಾವ ವೃತ್ತಿಯಲ್ಲೇ ಆಗಲಿ ಒಂದು ಪ್ರಶ್ನೆ ಇಂದಲ್ಲ ನಾಳೆ ಎದುರಾಗುತ್ತದೆ. ಒಂದು ತಪ್ಪು ಆಗಿದೆ, ಅದು ನಮಗೆ ಗೊತ್ತಾಗಿದೆ, ಬೇರೆ ಯಾರಿಗೂ ಗೊತ್ತಾಗಿಲ್ಲ, ಹೇಳಬೇಕೇ, ಸುಮ್ಮನಿರಬೇಕೇ? ಗಾಂಧೀಜಿಯವರು ಈ ಪ್ರಶ್ನೆಯನ್ನು ಕೋರ್ಟಿನಲ್ಲಿ ನಿಂತು ಎದುರಿಸಿದವರು.

ಸ್ಲೇಟಿನ ಮೇಲಿನ ತಪ್ಪು

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಕರಮಚಂದರು ಪೋರಬಂದರು ಸಂಸ್ಥಾನದಲ್ಲಿಯೂ ಆಮೇಲೆ ರಾಜಕೋಟೆಯಲ್ಲಿಯೂ ದಿವಾನರಾಗಿದ್ದವರು. ತಾಯಿ ಪುತಲೀಬಾಯಿ ವ್ರತ ಉಪವಾಸಗಳಲ್ಲಿ ನಿಷ್ಠೆಯುಳ್ಳ ಹೆಣ್ಣುಮಗಳು. ಹುಡುಗ ಓದಿನಲ್ಲಿ ಸಾಧಾರಣ, ಸ್ವಭಾವದಲ್ಲಿ ಬಲು ಸಂಕೋಚದವನು. ಶಾಲೆ ಬಿಟ್ಟೊಡನೆ ಯಾರಾದರೂ ಮಾತಾಡಿಸಿಯಾರೆಂಬ ಭಯಕ್ಕೆ ಮನೆಗೆ ಓಡುತ್ತಿದ್ದವನು.

ರಾಜಕೋಟೆಯಲ್ಲಿ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾಗ ನಡೆದ ಪ್ರಸಂಗ ಇದು. ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಗೈಲ್ಸ್ ತನಿಖೆಗೆ ಬಂದು ಇಂಗ್ಲಿಷಿನ ಐದು ಪದಗಳ ಕಾಗುಣಿತ ಬರೆಯಲು ಹೇಳಿದರು. ಅದರಲ್ಲಿ ಕೆಟಲ್ ಎಂಬುದನ್ನು ಮೋಹನದಾಸ ತಪ್ಪಾಗಿ ಬರೆದ. ಪಕ್ಕದವನ ಸ್ಲೇಟು ನೋಡಿ ತಿದ್ದಿಕೋ ಎಂದು ಮೇಷ್ಟ್ರು ಬೂಟುಕಾಲಿನಿಂದ ಮುಟ್ಟಿ ಸೂಚಿಸಿದರು. ನಕಲು ಮಾಡದಂತೆ ನೋಡಿಕೊಳ್ಳಲು ನಿಂತಿರುವ ಮೇಷ್ಟ್ರೇ ನಕಲು ಮಾಡಲು ಹೇಳುತ್ತಿದ್ದಾರೆಂದು ಹುಡುಗನಿಗೆ ಹೊಳೆಯಲೇ ಇಲ್ಲ. ಫಲಿತಾಂಶ ಬಂದಾಗ ಇಡೀ ತರಗತಿಯದು ಸರಿ, ಇವನೊಬ್ಬನದು ತಪ್ಪು. ಮೇಷ್ಟ್ರು ಆಮೇಲೆ ಇವನ ದಡ್ಡತನವನ್ನು ತಿಳಿಸಿಹೇಳಲು ನೋಡಿದರಂತೆ, ಉಪಯೋಗವಾಗಲಿಲ್ಲ. ಆದರೆ ಮೇಷ್ಟ್ರ ಮೇಲಿದ್ದ ಗೌರವವನ್ನೂ ಹುಡುಗ ಕಳೆದುಕೊಳ್ಳಲಿಲ್ಲ.

ಈ ಕಥೆ ನಮಗೆಲ್ಲ ಗೊತ್ತು. ನಕಲು ಮಾಡಬಾರದು ಎಂಬ ನೀತಿಗೆ ಇದನ್ನು ಹೇಳುತ್ತಾರೆ. ನನಗೆ ಇದರಲ್ಲಿ ಇನ್ನೊಂದು ಮಾತೂ ಕಾಣುತ್ತದೆ. ಕಾಗುಣಿತ ತಪ್ಪಿದ್ದು ನಿಜ, ಆದರೆ ಅದು ಪ್ರಾಮಾಣಿಕವಾದ ತಪ್ಪು. ಅದನ್ನು ಯಾರಾದರೂ ತಿದ್ದಬಹುದು. ಪಕ್ಕದ ಸ್ಲೇಟಿನಿಂದ ಬಂದ ಸರಿಯುತ್ತರವನ್ನು ಹಾಗೆ ತಿದ್ದಲು ಬರುವುದಿಲ್ಲ.

ಮೊದಲ ಕೇಸಿನ ಸೋಲು

ಮೆಟ್ರಿಕ್ಯುಲೇಷನ್ ಆದಮೇಲೆ ಭಾವನಗರದ ಸಾಮಲದಾಸ್ ಕಾಲೇಜಿನಲ್ಲಿ ಒಂದು ಅವಧಿ ಓದಿದ ಮೋಹನದಾಸ, ಮನೆಯ ಹಿತೈಷಿಗಳ ಸಲಹೆಯಂತೆ ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ಹೊರಟ. ತಂದೆ ಆಗಲೇ ತೀರಿಕೊಂಡಿದ್ದರು. ಸಮುದ್ರ ದಾಟಲು ಹೊರಟದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದರು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹೊರಟಿತು. ಲಂಡನ್ನಿನ ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆಗೆ ಸೇರಿದರು. ಆಗಿನ ಪರೀಕ್ಷೆಗಳು ಅಷ್ಟೇನೂ ಕಷ್ಟದವಲ್ಲ; ಟಿಪ್ಪಣಿ ಓದಿಕೊಂಡೇ ಬಹಳ ಮಂದಿ ಪಾಸಾಗುತ್ತಿದ್ದರು. ಗಾಂಧೀಜಿ ಮಾತ್ರ ಮೂಲ ಪುಸ್ತಕಗಳನ್ನು ಕೊಂಡು, ರೋಮನ್ ಕಾನೂನನ್ನು ಲ್ಯಾಟಿನ್ ಭಾಷೆಯಲ್ಲೇ ಓದಿದರು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು, 11ರಂದು ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು, 12ರಂದು ಊರಿಗೆ ಹಡಗು ಹತ್ತಿದರು.

ಪದವಿ ಬಂತು, ಧೈರ್ಯ ಬರಲಿಲ್ಲ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬವರ ಪರವಾಗಿ ಮೊದಲ ಕೇಸು ಸಿಕ್ಕಿತು. ಕೇಸು ತಂದುಕೊಟ್ಟ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದರು. ದೊಡ್ಡ ದೊಡ್ಡ ವಕೀಲರೂ ಕೊಡುತ್ತಾರೆಂದರು. ಇವರು ಕೊಡಲಿಲ್ಲ. 30 ರೂಪಾಯಿ ಫೀಸು ಪಡೆದು ಕೋರ್ಟಿಗೆ ಹೋದರು. ವಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಎದ್ದು ನಿಂತಾಗ ತಲೆ ಸುತ್ತಿತು, ಕೋರ್ಟೇ ಸುತ್ತಿದಂತಾಯಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಈ ಕೇಸು ನನ್ನಿಂದಾಗದು, ಪಟೇಲರನ್ನು ನೇಮಿಸಿಕೊಳ್ಳಿ, ನನ್ನ ಫೀಸು ಹಿಂದಕ್ಕೆ ಪಡೆಯಿರಿ ಎಂದು ತಿಳಿಸಿ ಹೊರಬಂದರು. ಪಟೇಲರಿಗೆ 51 ರೂಪಾಯಿ ಕೊಟ್ಟು ಕೇಸು ನಡೆಸಿದರು.

ಇದು ಅವಮಾನದ ಸಂಗತಿಯೇ. ಆದರೆ ಅವರ ಅಸಾಮರ್ಥ್ಯಕ್ಕೆ ಕಕ್ಷಿದಾರಳು ಬೆಲೆ ತೆರಲಿಲ್ಲ ಎಂಬುದನ್ನು ಗಮನಿಸಬೇಕು. ಬಾಯಿಗೆ ಬಂದ ನಾಲ್ಕು ಪ್ರಶ್ನೆ ಕೇಳಿ, ಫೀಸು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಯಾರೂ ಅವರನ್ನು ಹಿಡಿಯುತ್ತಿರಲಿಲ್ಲ. ತನಗೆ ಬಾರದ್ದನ್ನು ಬಾರದು ಎಂದು ಹೇಳಿ, ಬಲ್ಲವರ ಕೈಗೆ ಒಪ್ಪಿಸಿದರು. ಮುಂದೆ ದೊಡ್ಡ ವಕೀಲರಾದ ಮೇಲೂ ಈ ಅಭ್ಯಾಸ ಉಳಿಯಿತು. ಬಿಡಿಸಲಾಗದ ತೊಡಕು ಬಂದರೆ, ಬೇರೆ ಹಿರಿಯ ವಕೀಲರ ಬಳಿಗೆ ಹೋಗುವಂತೆ ಕಕ್ಷಿದಾರನಿಗೆ ಹೇಳುತ್ತಿದ್ದರು, ಇಲ್ಲವೇ ಅವನ ಒಪ್ಪಿಗೆ ಪಡೆದು ತಾವೇ ಹಿರಿಯರನ್ನು ಕೇಳುತ್ತಿದ್ದರು.

ಆ ದಿನಗಳಲ್ಲಿ ಮುಂಬಯಿಯ ಹೈಸ್ಕೂಲೊಂದರಲ್ಲಿ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪಾಠ ಹೇಳುವ, ತಿಂಗಳಿಗೆ 75 ರೂಪಾಯಿ ಸಂಬಳದ ಮೇಷ್ಟ್ರ ಕೆಲಸಕ್ಕೂ ಅವರು ಅರ್ಜಿ ಹಾಕಿದ್ದರು. ಪದವೀಧರರಲ್ಲ ಎಂಬ ಕಾರಣಕ್ಕೆ ಅದು ಸಿಗಲಿಲ್ಲ. ಮುಂದೆ ರಾಜಕೋಟೆಗೆ ಹೋಗಿ, ಅಣ್ಣನ ನೆರವಿನಿಂದ ಅರ್ಜಿ ಬರೆದುಕೊಡುವ ಕೆಲಸದಲ್ಲಿ ತಿಂಗಳಿಗೆ ಸುಮಾರು 300 ರೂಪಾಯಿ ಸಂಪಾದಿಸತೊಡಗಿದರು. ಮುಂಬಯಿಯಲ್ಲಿ ಕಮಿಷನ್ ಕೊಡದ ಅವರು ಇಲ್ಲಿ ಅಣ್ಣನ ಒತ್ತಾಯಕ್ಕೆ ಕೇಸು ಕೊಡುವ ವಕೀಲರಿಗೆ ಪಾಲು ಕೊಡಲು ಒಪ್ಪಿದರು. ಇನ್ನೊಂದು ಸಲ ಮನಸ್ಸಿಲ್ಲದಿದ್ದರೂ, ಲಂಡನ್ನಿನಲ್ಲಿ ಪರಿಚಯವಾಗಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟರ ಬಳಿಗೆ ಅಣ್ಣನ ಪರವಾಗಿ ಶಿಫಾರಸಿಗೆ ಹೋದರು. ಆ ಅಧಿಕಾರಿ ಜವಾನನಿಂದ ತಳ್ಳಿಸಿ ಹೊರಗೆ ಹಾಕಿಸಿದ. ಪರಿಚಯವನ್ನು ಶಿಫಾರಸಿಗೆ ಬಳಸುವ ಕೆಲಸಕ್ಕೆ ಇನ್ನೆಂದೂ ಕೈಹಾಕಬಾರದೆಂದು ಅಂದೇ ನಿಶ್ಚಯಿಸಿದರು. ಈ ಎರಡನ್ನೂ ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಆ ಆತ್ಮಕಥೆಯನ್ನು ಕನ್ನಡಕ್ಕೆ ತಂದಿದ್ದಾರೆ. ನಮ್ಮ ವಿದ್ಯಾರ್ಥಿಗಳು ಅದನ್ನು ಓದಬೇಕು.

ದಕ್ಷಿಣ ಆಫ್ರಿಕಾದಲ್ಲಿ ಕಲಿತ ವಕೀಲಿ

1893ರಲ್ಲಿ ದಾದಾ ಅಬ್ದುಲ್ಲಾ ಎಂಬ ಪೋರಬಂದರು ಮೂಲದ ವ್ಯಾಪಾರಿಯ ಕಂಪನಿಯವರು ದಕ್ಷಿಣ ಆಫ್ರಿಕಾದ ತಮ್ಮ ದಾವೆಗೆ ನೆರವಾಗಲು ಒಂದು ವರ್ಷದ ಮಟ್ಟಿಗೆ ಅವರನ್ನು ಕರೆಸಿಕೊಂಡರು. ಪ್ರಯಾಣ, ಊಟ ವಸತಿಯ ಖರ್ಚಲ್ಲದೆ 105 ಪೌಂಡ್ ಸಂಭಾವನೆ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲ ದರ್ಜೆಯ ಡಬ್ಬಿಯಿಂದ ಅವರನ್ನು ಹೊರದಬ್ಬಿದ ಕಥೆ ಎಲ್ಲರಿಗೂ ಗೊತ್ತು. ಆ ಪ್ರಯಾಣ ಯಾವ ದಾವೆಗಾಗಿತ್ತೋ ಆ ದಾವೆಯ ಕಥೆ ಅಷ್ಟು ಪ್ರಸಿದ್ಧವಲ್ಲ.

ದಾದಾ ಅಬ್ದುಲ್ಲಾ ತಮ್ಮ ಬಂಧುವೇ ಆದ ತಯ್ಯಬ ಶೇಠರ ಮೇಲೆ 40,000 ಪೌಂಡಿನ ದಾವೆ ಹೂಡಿದ್ದರು. ದಾವೆಯೆಲ್ಲ ಲೆಕ್ಕಪತ್ರಗಳ ಮೇಲೆ ನಿಂತಿತ್ತು. ಗಾಂಧೀಜಿಗೆ ಜಮೆ-ಖರ್ಚು ಬರೆಯುವುದು ಗೊತ್ತಿರಲಿಲ್ಲ. ಪ್ರಾಮಿಸರಿ ನೋಟು ಎಂದರೇನೆಂಬುದನ್ನೂ ಅಲ್ಲಿಯ ಗುಮಾಸ್ತರಿಂದ ಕೇಳಿ ತಿಳಿದುಕೊಂಡರು. ಲೆಕ್ಕ ಬರೆಯುವ ಪುಸ್ತಕವೊಂದನ್ನು ಕೊಂಡು ಕೂತು ಕಲಿತರು. ಕಾನೂನಿನ ಮುಕ್ಕಾಲು ಪಾಲು ಸಂಗತಿಗಳನ್ನು ಸರಿಯಾಗಿ ತಿಳಿಯುವುದರಲ್ಲೇ ಇದೆ ಎಂಬುದು ಅಲ್ಲಿ ಮನದಟ್ಟಾಯಿತು. ದಾವೆ ಎಳೆದಷ್ಟೂ ಎರಡೂ ಕಡೆಯವರು ವಕೀಲರ ಖರ್ಚಿನಲ್ಲೇ ಹಾಳಾಗುತ್ತಾರೆಂದು ಕಂಡು, ಇಬ್ಬರನ್ನೂ ಒಪ್ಪಿಸಿ ಪಂಚಾಯಿತಿಗೆ ಕೂರಿಸಿದರು. ದಾದಾ ಅಬ್ದುಲ್ಲಾರಿಗೆ ಗೆಲುವಾಯಿತು. 37,000 ಪೌಂಡೂ ಖರ್ಚೂ ಬರಬೇಕಾಯಿತು. ಒಮ್ಮೆಗೇ ಕಟ್ಟಬೇಕಾದರೆ ತಯ್ಯಬ ಶೇಠರು ದಿವಾಳಿಯಾಗಬೇಕು. ಗಾಂಧೀಜಿ ತಮ್ಮ ಕಕ್ಷಿದಾರರನ್ನೇ ಒಲಿಸಿ ಕಂತುಗಳಿಗೆ ಒಪ್ಪಿಸಿದರು. ಒಡೆದುಹೋದ ಇಬ್ಬರನ್ನು ಕೂಡಿಸುವುದೇ ವಕೀಲನ ನಿಜವಾದ ಕೆಲಸ ಎಂದು ಅವರಿಗೆ ಅಂದು ಹೊಳೆಯಿತು. ಮುಂದೆ ನೂರಾರು ದಾವೆಗಳನ್ನು ಅವರು ಹೀಗೆ ರಾಜಿಯಲ್ಲೇ ಮುಗಿಸಿದರು.

ಒಂದು ವರ್ಷಕ್ಕೆಂದು ಹೋದವರು ಭಾರತೀಯರ ಹಕ್ಕುಗಳ ಹೋರಾಟಕ್ಕಾಗಿ ಅಲ್ಲೇ ನಿಂತರು. 1894ರಲ್ಲಿ ನೇಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ನೋಂದಾಯಿಸಲು ಅರ್ಜಿ ಹಾಕಿದಾಗ ಅಲ್ಲಿಯ ವಕೀಲರ ಸಂಘವೇ ವಿರೋಧಿಸಿತು. ಹೆಸರಿಗೆ ಕಾಗದಪತ್ರದ ಕೊರತೆ ತೋರಿಸಿದರೂ ಒಳಗಿದ್ದ ಕಾರಣ ಅವರ ಮೈಬಣ್ಣ. ಕಾನೂನಿನಲ್ಲಿ ಬಿಳಿಯರು ಕರಿಯರೆಂಬ ಭೇದವಿಲ್ಲ ಎಂದು ಮುಖ್ಯ ನ್ಯಾಯಾಧೀಶರು ಆಕ್ಷೇಪಣೆಯನ್ನು ತಳ್ಳಿಹಾಕಿದರು. ಪ್ರಮಾಣವಚನ ಆದ ಮೇಲೆ, ಕೋರ್ಟಿನ ನಿಯಮದಂತೆ ರುಮಾಲು ತೆಗೆಯಬೇಕೆಂದರು. ಹಿಂದೆ ಡರ್ಬನ್ನಿನ ಮ್ಯಾಜಿಸ್ಟ್ರೇಟರು ಇದೇ ಮಾತು ಹೇಳಿದಾಗ ರುಮಾಲು ತೆಗೆಯದೆ ಕೋರ್ಟಿನಿಂದ ಎದ್ದುಬಂದಿದ್ದ ಗಾಂಧೀಜಿ ಈ ಸಲ ತೆಗೆದರು. ವೃತ್ತಿಗೆ ಸೇರಿದ ಮೇಲೆ ಅದರ ಕಟ್ಟುಪಾಡಿಗೆ ತಲೆಬಾಗಬೇಕು, ತನ್ನ ಶಕ್ತಿಯನ್ನು ದೊಡ್ಡ ಜಗಳಗಳಿಗೆ ಉಳಿಸಿಕೊಳ್ಳಬೇಕು ಎಂಬುದು ಅವರ ವಿಚಾರ. ಸ್ನೇಹಿತರಿಗೆ ಇದು ಹಿಡಿಸಲಿಲ್ಲ.

ಅದಲುಬದಲಾದ ಒಂದು ಬಾಬ್ತು

ಈಗ ಈ ಲೇಖನದ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸಿದ ಒಂದು ದಾವೆಯಲ್ಲಿ ತೊಡಕಿನ ಲೆಕ್ಕಪತ್ರಗಳಿದ್ದವು. ಆ ಭಾಗವನ್ನು ಕೋರ್ಟು ಲೆಕ್ಕ ಬಲ್ಲ ಪಂಚರಿಗೆ ಒಪ್ಪಿಸಿತ್ತು. ಪಂಚರ ತೀರ್ಪು ಪೂರ್ತಿಯಾಗಿ ಗಾಂಧೀಜಿಯ ಕಕ್ಷಿದಾರನ ಪರವಾಗಿ ಬಂತು. ಆದರೆ ಅದರೊಳಗೆ ಒಂದು ಕೈತಪ್ಪು ಸೇರಿಕೊಂಡಿತ್ತು. ಜಮೆ-ಖರ್ಚಿನ ಒಂದು ಬಾಬ್ತು ಅದಲುಬದಲಾಗಿ, ಈ ಕಡೆ ಇರಬೇಕಾದದ್ದು ಆ ಕಡೆ ಬಿದ್ದಿತ್ತು. ಮೊತ್ತ ದೊಡ್ಡದಲ್ಲ, ತಪ್ಪು ಮಾತ್ರ ಗಂಭೀರ. ಎದುರು ಪಕ್ಷದವರು ತೀರ್ಪನ್ನು ಪ್ರಶ್ನಿಸಿದ್ದರು, ಆದರೆ ಬೇರೆ ಕಾರಣಗಳಿಗೆ. ಈ ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಪ್ರೋಗ್ರಾಂ ಬರೆಯುವ ನಮಗೆ ಇಂಥ ತಪ್ಪಿನ ಪರಿಚಯ ಚೆನ್ನಾಗಿದೆ. ಕೂಡಿಸುವ ಕಡೆ ಕಳೆಯುವ ಚಿಹ್ನೆ ಬಿದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ, ಪರದೆಯ ಮೇಲೆ ಕೆಂಪಕ್ಷರ ಬರುವುದಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದೇ ಕಾಣುತ್ತದೆ. ಮೊತ್ತ ಮಾತ್ರ ತಪ್ಪಿರುತ್ತದೆ. ಅದರಿಂದ ನಮಗೇ ಲಾಭವಾಗುತ್ತಿದ್ದರಂತೂ ಹುಡುಕಿ ತೆಗೆಯುವವರು ಕಡಿಮೆ.

ಆ ದಾವೆಯಲ್ಲಿ ಗಾಂಧೀಜಿ ಕಿರಿಯ ವಕೀಲರು. ಅವರ ಮೇಲೊಬ್ಬ ಹಿರಿಯ ವಕೀಲರಿದ್ದರು. ತಪ್ಪು ಇಬ್ಬರಿಗೂ ಗೊತ್ತಿತ್ತು. ತಾವಾಗಿ ಹೇಳುವ ಅಗತ್ಯವಿಲ್ಲ ಎಂಬುದು ಹಿರಿಯರ ಅಭಿಪ್ರಾಯ. ತನ್ನ ಕಕ್ಷಿದಾರನಿಗೆ ವಿರುದ್ಧವಾದದ್ದನ್ನು ಒಪ್ಪಿಕೊಳ್ಳಬೇಕಾದ ಹೊಣೆ ಯಾವ ವಕೀಲನಿಗೂ ಇಲ್ಲ; ಒಪ್ಪಿಕೊಂಡರೆ ಕೋರ್ಟು ಇಡೀ ತೀರ್ಪನ್ನೇ ರದ್ದು ಮಾಡಬಹುದು; ಕೈಗೆ ಬಂದ ಗೆಲುವನ್ನು ಬುದ್ಧಿಯಿರುವ ಯಾವ ವಕೀಲನೂ ಅಪಾಯಕ್ಕೆ ಒಡ್ಡುವುದಿಲ್ಲ. ಹೀಗಿತ್ತು ಅವರ ವಾದ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಕೀಲನನ್ನು ನಂಬಿ ದುಡ್ಡು ಕೊಟ್ಟಿರುವವನು ಕಕ್ಷಿದಾರ. ಸೋತರೆ ನಷ್ಟ ವಕೀಲನಿಗಲ್ಲ, ಅವನಿಗೆ. ಬೇರೆಯವರ ಹಣವನ್ನು ಪಣವಾಗಿಟ್ಟು ತಾನು ಸತ್ಯವಂತನೆನ್ನಿಸಿಕೊಳ್ಳುವುದು ಸರಿಯೇ ಎಂದು ಯಾರಾದರೂ ಕೇಳಬಹುದು.

ಗಾಂಧೀಜಿ ಈ ತೊಡಕನ್ನು ಬಿಡಿಸಿದ ರೀತಿ ನೋಡಬೇಕು. ಅವರು ಹಿರಿಯರ ಬೆನ್ನ ಹಿಂದೆ ಹೋಗಿ ಕೋರ್ಟಿಗೆ ಹೇಳಲಿಲ್ಲ. ಕಕ್ಷಿದಾರನೂ ಕೂತಿರುವಾಗಲೇ ಮಾತಾಡಿದರು. ತಪ್ಪು ಒಪ್ಪಿಕೊಳ್ಳದಿದ್ದರೆ ತೀರ್ಪು ಉಳಿದೇ ಉಳಿಯುತ್ತದೆಂಬ ಭರವಸೆ ಏನಿದೆ ಎಂದು ಕೇಳಿದರು. ಒಪ್ಪಿಕೊಂಡು ನಷ್ಟವಾದರೂ ಅದನ್ನು ಸಹಿಸಬೇಕು ಎಂದರು. ಆ ಷರತ್ತಿನ ಮೇಲೆ ತಾನು ವಾದಿಸಲಾರೆ ಎಂದು ಹಿರಿಯರು ಹಿಂದೆ ಸರಿದರು. ಕಕ್ಷಿದಾರ ಬಯಸಿದರೆ ತಾನು ವಾದಿಸುತ್ತೇನೆ, ತಪ್ಪನ್ನು ಮುಚ್ಚಿಡುವುದಾದರೆ ಮಾತ್ರ ಈ ದಾವೆಯಲ್ಲಿ ತಾನಿರುವುದಿಲ್ಲ ಎಂದು ಗಾಂಧೀಜಿ ತಿಳಿಸಿದರು. ನಿರ್ಧಾರ ಕಕ್ಷಿದಾರನದಾಯಿತು. ಅವನು ಸ್ವಲ್ಪ ತಡವರಿಸಿದ; ಮೊದಲಿನಿಂದಲೂ ದಾವೆಯನ್ನು ಬಲ್ಲ ಗಾಂಧೀಜಿಯ ಮೇಲೆ ಅವನಿಗೆ ನಂಬಿಕೆಯಿತ್ತು. ನೀವೇ ವಾದಿಸಿ, ತಪ್ಪನ್ನು ಒಪ್ಪಿಕೊಳ್ಳಿ, ಸೋಲು ಹಣೆಯಲ್ಲಿದ್ದರೆ ಸೋಲೋಣ ಎಂದುಬಿಟ್ಟ.

ಕೋರ್ಟಿನಲ್ಲಿ ಎದ್ದು ನಿಂತಾಗ ಅವರ ಮೈ ನಡುಗುತ್ತಿತ್ತಂತೆ. ತಪ್ಪಿನ ಪ್ರಸ್ತಾಪ ಮಾಡಿದ ಕೂಡಲೇ ನ್ಯಾಯಾಧೀಶರೊಬ್ಬರು, ಇದು ಮೋಸದ ವಕೀಲಿಯಲ್ಲವೇ ಎಂಬ ಅರ್ಥದ ಮಾತಾಡಿದರು. ಪ್ರಾಮಾಣಿಕವಾಗಿ ಹೇಳಲು ಹೋದವನ ಮೇಲೆಯೇ ಅನುಮಾನ! ಒಳಗೊಳಗೇ ಕುದಿದರೂ ಗಾಂಧೀಜಿ ತಾಳ್ಮೆ ಬಿಡಲಿಲ್ಲ; ಪೂರ್ತಿ ಕೇಳದೆ ಅನುಮಾನಿಸುವುದು ಆಶ್ಚರ್ಯ ಎಂದಷ್ಟೇ ಹೇಳಿ, ಬಾಬ್ತು ಹೇಗೆ ಅದಲುಬದಲಾಯಿತೆಂದು ವಿವರಿಸಿದರು. ನ್ಯಾಯಾಧೀಶರು ಗಮನವಿಟ್ಟು ಕೇಳಿದರು. ಇದು ಬೇಕೆಂದು ಮಾಡಿದ್ದಲ್ಲ, ಕೈತಪ್ಪು ಎಂದು ಅವರಿಗೆ ಒಪ್ಪಿಗೆಯಾಯಿತು. ಎದುರು ಪಕ್ಷದ ವಕೀಲರು ಗೆದ್ದೆವೆಂದೇ ತಿಳಿದು ಎದ್ದರು. ಆದರೆ ಇವರು ಹೇಳದೇ ಇದ್ದಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು ನ್ಯಾಯಾಧೀಶರು ಅವರನ್ನೇ ಕೇಳಿದರು. ಎಂಥ ಪರಿಣತನಿಂದಲೂ ಆಗಬಹುದಾದ ಒಂದು ಕೈತಪ್ಪಿಗಾಗಿ ಎರಡೂ ಕಡೆಯವರನ್ನು ಮತ್ತೆ ಹೊಸ ದಾವೆಯ ಖರ್ಚಿಗೆ ತಳ್ಳಲು ಕೋರ್ಟು ಒಪ್ಪಲಿಲ್ಲ. ತಪ್ಪಿದ್ದಷ್ಟನ್ನು ತಿದ್ದಿದರೆ ಸಾಕು, ತೀರ್ಪು ಉಳಿಯಲಿ ಎಂದಾಯಿತು.

ಸತ್ಯ ಹೇಳಿದರೆ ಯಾವಾಗಲೂ ಗೆಲುವೇ ಎಂದು ಈ ಪ್ರಸಂಗದಿಂದ ಪಾಠ ತೆಗೆದರೆ ಅದು ಸುಲಭದ ಪಾಠ. ಅಂದು ತೀರ್ಪು ರದ್ದಾಗಲೂಬಹುದಿತ್ತು. ಹಾಗಾಗಿದ್ದರೂ ಅವರು ಮಾಡಿದ್ದು ಸರಿಯೇ ಆಗಿರುತ್ತಿತ್ತು. ವಕೀಲ ಕಕ್ಷಿದಾರನ ಸೇವಕ ನಿಜ, ಆದರೆ ಕೋರ್ಟಿಗೆ ಸುಳ್ಳು ಲೆಕ್ಕವನ್ನು ನಿಜವೆಂದು ಒಪ್ಪಿಸುವಷ್ಟರ ಮಟ್ಟಿಗೆ ಅಲ್ಲ. ಪಂಚರ ಕೈತಪ್ಪು ಅಲ್ಲಿಯವರೆಗೆ ಬರಿಯ ತಪ್ಪು. ಗೊತ್ತಿದ್ದೂ ಅದರ ಮೇಲೆ ವಾದ ಕಟ್ಟಿದ್ದರೆ ಅದು ವಕೀಲನ ಮೋಸವಾಗುತ್ತಿತ್ತು.

ಇದೇ ರೀತಿ ಜೊಹಾನ್ಸ್‌ಬರ್ಗಿನಲ್ಲಿ ಒಮ್ಮೆ ವಿಚಾರಣೆಯ ನಡುವೆ ತನ್ನ ಕಕ್ಷಿದಾರನೇ ಸುಳ್ಳು ಹೇಳಿದ್ದಾನೆಂದು ತಿಳಿದಾಗ, ಈ ದಾವೆಯನ್ನು ವಜಾ ಮಾಡಿರೆಂದು ಗಾಂಧೀಜಿ ತಾವೇ ಮ್ಯಾಜಿಸ್ಟ್ರೇಟರನ್ನು ಕೇಳಿಕೊಂಡರು. ಸುಂಕ ತಪ್ಪಿಸಿ ಮಾಲು ತರಿಸುತ್ತಿದ್ದ ಆಪ್ತಮಿತ್ರ ಪಾರ್ಸಿ ರುಸ್ತುಂಜಿ ಸಿಕ್ಕಿಬಿದ್ದು ಓಡಿಬಂದಾಗ, ಎಲ್ಲವನ್ನೂ ಸರ್ಕಾರದ ಮುಂದೆ ಒಪ್ಪಿಕೊಳ್ಳಲು ಹೇಳಿದರು. ಜೈಲಿಗೆ ಹೋಗಬೇಕಾದರೆ ಹೋಗಬೇಕೆಂದರು. ಕೊನೆಗೆ ಒಪ್ಪಿಕೊಂಡ ಮೊತ್ತದ ಎರಡರಷ್ಟು ದಂಡ ಕಟ್ಟಿ ಪ್ರಕರಣ ಮುಗಿಯಿತು. ರುಸ್ತುಂಜಿ ನಡೆದದ್ದನ್ನೆಲ್ಲ ಬರೆಸಿ, ಚೌಕಟ್ಟು ಹಾಕಿಸಿ, ತಮ್ಮ ವಾರಸುದಾರರಿಗೂ ಇತರ ವ್ಯಾಪಾರಿಗಳಿಗೂ ಎಚ್ಚರಿಕೆಯಾಗಲೆಂದು ಆಫೀಸಿನಲ್ಲಿ ತೂಗುಹಾಕಿದರು. ಸನ್ಮಾನಪತ್ರ ತೂಗುಹಾಕುವವರು ಬಹಳ, ತನ್ನ ತಪ್ಪನ್ನು ತೂಗುಹಾಕುವವರು ಅಪರೂಪ.

ಶಿಸ್ತಿನ ಇನ್ನೊಂದು ಮುಖ

ಹೀಗೆ ಕೋರ್ಟಿನ ಶಿಸ್ತನ್ನು ಇಷ್ಟು ಗೌರವಿಸಿದವರೇ ಕಾನೂನು ಮುರಿಯಲೂ ಮುಂದಾದರಲ್ಲ, ಇದು ಹೇಗೆ ಎಂದು ಕೇಳಬಹುದು. ಭಾರತೀಯರು ಬೆರಳಚ್ಚು ಕೊಟ್ಟು ಪರವಾನಗಿ ಪಡೆಯಬೇಕೆಂಬ ಟ್ರಾನ್ಸ್‌ವಾಲಿನ ಕಾನೂನನ್ನು ಮುರಿದದ್ದಕ್ಕೆ 1908ರ ಜನವರಿ 10ರಂದು ಅವರಿಗೆ ಎರಡು ತಿಂಗಳ ಜೈಲು ಶಿಕ್ಷೆಯಾಯಿತು. ತಾವು ಎಷ್ಟೋ ಸಲ ವಕೀಲರಾಗಿ ನಿಂತಿದ್ದ ಅದೇ ಕೋರ್ಟಿನಲ್ಲಿ ಅಂದು ಆರೋಪಿಯಾಗಿ ನಿಂತರು. ಅಲ್ಲಿ ವಾದ ಹೂಡಿ ಪಾರಾಗಲು ನೋಡಲಿಲ್ಲ. ಹೆಚ್ಚಿನ ಶಿಕ್ಷೆಯನ್ನೇ ಕೇಳಿದರು. ತಪ್ಪಿಸಿಕೊಳ್ಳುವವನು ಕಾನೂನನ್ನು ಕದ್ದು ಮುರಿಯುತ್ತಾನೆ. ಸತ್ಯಾಗ್ರಹಿ ಎಲ್ಲರೆದುರು ಮುರಿದು ಶಿಕ್ಷೆಗೆ ತಲೆಯೊಡ್ಡುತ್ತಾನೆ.

1915ರಲ್ಲಿ ಅವರು ಭಾರತಕ್ಕೆ ಮರಳಿದರು. ವಕೀಲಿ ಅಲ್ಲಿಗೆ ನಿಂತಿತು, ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನಿಲ್ಲಲಿಲ್ಲ. 1919ರ ಏಪ್ರಿಲ್‌ನಲ್ಲಿ ರೌಲಟ್ ಕಾಯ್ದೆಯ ವಿರುದ್ಧದ ಸತ್ಯಾಗ್ರಹ ಕೆಲವೆಡೆ ಹಿಂಸೆಗೆ ತಿರುಗಿದಾಗ, ಜನರಿಗೆ ತಕ್ಕ ಶಿಸ್ತು ಬರುವ ಮೊದಲೇ ಕಾನೂನುಭಂಗಕ್ಕೆ ಕರೆಕೊಟ್ಟದ್ದು ತನ್ನ ಹಿಮಾಲಯದಷ್ಟು ದೊಡ್ಡ ತಪ್ಪು ಎಂದು ಬಹಿರಂಗವಾಗಿ ಹೇಳಿ, ಚಳವಳಿಯನ್ನು ನಿಲ್ಲಿಸಿದರು. ಹಲವರು ನಕ್ಕರು. ಅವರು ಮಾತು ಹಿಂದೆಗೆದುಕೊಳ್ಳಲಿಲ್ಲ.

ಅದೇ ವರ್ಷ ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ಅಹಮದಾಬಾದಿನ ವಕೀಲರ ಮೇಲೆ ಜಿಲ್ಲಾ ನ್ಯಾಯಾಧೀಶ ಕೆನಡಿ ಹೈಕೋರ್ಟಿಗೆ ಬರೆದ ಪತ್ರವನ್ನು ಗಾಂಧೀಜಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಟೀಕೆಯೊಂದಿಗೆ ಅಚ್ಚುಹಾಕಿದರು. ಮುಂಬಯಿ ಹೈಕೋರ್ಟು ಇದನ್ನು ನ್ಯಾಯಾಂಗ ನಿಂದನೆ ಎಂದು ಪರಿಗಣಿಸಿ ಕ್ಷಮೆ ಕೇಳಬೇಕೆಂದಿತು. ತಾನು ಮಾಡಿದ್ದು ತಪ್ಪೆಂದು ಅವರಿಗೆ ಅನ್ನಿಸಿರಲಿಲ್ಲ. ಆದ್ದರಿಂದ ಕ್ಷಮೆ ಕೇಳಲಿಲ್ಲ. 1920ರ ಮಾರ್ಚ್ 12ರಂದು ಕೋರ್ಟು ಅವರಿಗೂ ಪ್ರಕಾಶಕ ಮಹದೇವ ದೇಸಾಯಿಯವರಿಗೂ ಛೀಮಾರಿ ಹಾಕಿ ಎಚ್ಚರಿಕೆ ಕೊಟ್ಟು ಬಿಟ್ಟಿತು. ತಪ್ಪೆಂದು ಮನಸ್ಸಿಗೆ ಬಂದಾಗ ಯಾರೂ ಕೇಳದೆಯೇ ಒಪ್ಪಿಕೊಳ್ಳುವುದು, ಬರದಿದ್ದಾಗ ಶಿಕ್ಷೆಯ ಭಯಕ್ಕೆ ಸುಳ್ಳು ಕ್ಷಮೆ ಕೇಳದಿರುವುದು: ಎರಡರ ಬೇರೂ ಒಂದೇ.

1920ರ ಅಸಹಕಾರ ಚಳವಳಿಯಲ್ಲಿ ವಕೀಲರು ಕೋರ್ಟು ಬಿಟ್ಟು ಬರಬೇಕೆಂದು ಕರೆಕೊಟ್ಟಾಗ ಮೋತಿಲಾಲ್ ನೆಹರೂ, ಚಿತ್ತರಂಜನ ದಾಸ್, ರಾಜೇಂದ್ರ ಪ್ರಸಾದರಂಥವರು ವೃತ್ತಿ ತೊರೆದರು. ನಮ್ಮ ಮಂಗಳೂರಿನ ಕಾರ್ನಾಡ್ ಸದಾಶಿವ ರಾಯರೂ ವಕೀಲಿ ಬಿಟ್ಟು ಬಂದವರಲ್ಲೊಬ್ಬರು. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅವರ ಮುಂದೆ ಗಾಂಧೀಜಿಯ ರಾಜದ್ರೋಹದ ವಿಚಾರಣೆ ನಡೆಯಿತು. ಅವರು ಆರೋಪವನ್ನು ಒಪ್ಪಿಕೊಂಡರು. ಆರು ವರ್ಷ ಶಿಕ್ಷೆಯಾಯಿತು. ಅವರು ಸೆರೆಮನೆಯಲ್ಲಿರುವಾಗಲೇ, ಅದೇ ವರ್ಷ ನವೆಂಬರ್ 10ರಂದು, ಲಂಡನ್ನಿನ ಇನ್ನರ್ ಟೆಂಪಲ್ ಈ ಶಿಕ್ಷೆಯ ಕಾರಣಕ್ಕೆ ಅವರ ಹೆಸರನ್ನು ಬ್ಯಾರಿಸ್ಟರುಗಳ ಪಟ್ಟಿಯಿಂದ ತೆಗೆದುಹಾಕಿತು.

ಕಕ್ಷಿದಾರನಿಗೆ ಮೋಸ ಮಾಡದ, ಕೋರ್ಟಿಗೆ ಸುಳ್ಳು ಹೇಳದ ವಕೀಲನೊಬ್ಬ ಹೀಗೆ ವೃತ್ತಿಯಿಂದ ಹೊರಗಾದ. ನಿಯಮದ ಪುಸ್ತಕ ನೋಡಿದರೆ ಆ ಸಂಸ್ಥೆ ತನ್ನ ಕೆಲಸ ಮಾಡಿತು. ಆದರೆ ಎಲ್ಲ ಕಾನೂನುಭಂಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಗಾಂಧೀಜಿ 1924ರಲ್ಲಿ ಬಿಡುಗಡೆಯಾಗಿ, ಅದೇ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಹಂತಕನ ಗುಂಡಿಗೆ ಬಲಿಯಾದರು. ಇನ್ನರ್ ಟೆಂಪಲ್ ಅವರ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡ ನಲವತ್ತು ವರ್ಷಗಳ ಮೇಲೆ. ತಡವಾದರೂ ಒಂದು ಸಂಸ್ಥೆಯೂ ತನ್ನ ದಾಖಲೆಯನ್ನು ತಿದ್ದಿಕೊಳ್ಳಬಹುದು ಎಂಬುದಕ್ಕೆ ಇದೊಂದು ಸಾಕ್ಷಿ.

ನಮಗೆ ಉಳಿಯುವ ಮಾತು

ಇಂದು ನಮ್ಮ ದೇಶದಲ್ಲಿ ವಕೀಲರ ಶಿಸ್ತಿಗೆ 1961ರ ಅಡ್ವೊಕೇಟ್ಸ್ ಕಾಯ್ದೆಯಿದೆ. ದುರ್ನಡತೆ ಸಾಬೀತಾದರೆ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಕೆಲಕಾಲ ಸನ್ನದು ಅಮಾನತು ಮಾಡಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಆದರೆ ಬರಿಯ ಅಜಾಗರೂಕತೆ ಅಥವಾ ತೀರ್ಮಾನದಲ್ಲಾದ ತಪ್ಪು ತಾನಾಗಿ ದುರ್ನಡತೆಯಾಗುವುದಿಲ್ಲ, ಮನಸ್ಸಿನ ಕೆಡುಕು ಸೇರಿದರೆ ಆಗುತ್ತದೆ ಎಂಬ ವಿವೇಕವನ್ನು ನಮ್ಮ ಸುಪ್ರೀಂ ಕೋರ್ಟೂ ಹೇಳಿದೆ. ತಪ್ಪು ಬೇರೆ, ವಂಚನೆ ಬೇರೆ. ಈ ಎರಡರ ನಡುವಿನ ಗೆರೆ ತಪ್ಪಿನ ಗಾತ್ರದಲ್ಲಿಲ್ಲ; ತಪ್ಪು ತಿಳಿದ ಮೇಲೆ ನಾವು ಏನು ಮಾಡುತ್ತೇವೆ ಎಂಬುದರಲ್ಲಿದೆ.

ನಮ್ಮ ವೃತ್ತಿಯಲ್ಲೂ ಒಳ್ಳೆಯ ತಂಡಗಳು ಇದೇ ದಾರಿ ಹಿಡಿದಿವೆ. ಏನಾದರೂ ಕೆಟ್ಟಾಗ ಯಾರ ತಲೆ ಹಾರಿಸೋಣ ಎಂದು ಕೇಳುವುದಿಲ್ಲ. ಏನಾಯಿತು, ಏಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂದು ಬರೆದಿಟ್ಟು ಎಲ್ಲರಿಗೂ ಓದಲು ಕೊಡುತ್ತಾರೆ. ಹೇಳಿದವನಿಗೆ ಶಿಕ್ಷೆಯಿಲ್ಲ ಎಂಬ ನಂಬಿಕೆ ಇದ್ದ ಕಡೆ ತಪ್ಪು ಬೇಗ ಹೊರಬರುತ್ತದೆ. ಬೈಗುಳದ ಭಯ ಇದ್ದ ಕಡೆ ಒಳಗೇ ಬೆಳೆಯುತ್ತದೆ. ಶಿಕ್ಷಕರಾಗಿ, ತಂದೆತಾಯಿಯಾಗಿ, ಮೇಲಧಿಕಾರಿಯಾಗಿ ಇರುವ ಹಳೆಯ ವಿದ್ಯಾರ್ಥಿ ಮಿತ್ರರು ಈ ಮಾತನ್ನು ಯೋಚಿಸಬೇಕೆಂದು ನನ್ನ ವಿನಂತಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ವಕೀಲರಾಗುತ್ತೀರಿ, ಕೆಲವರು ಎಂಜಿನಿಯರು, ವೈದ್ಯರು, ನರ್ಸು, ಶಿಕ್ಷಕರು, ರೈತರು, ವ್ಯಾಪಾರಿಗಳಾಗುತ್ತೀರಿ. ತಪ್ಪೇ ಮಾಡದೆ ಇವುಗಳಲ್ಲಿ ಯಾವುದನ್ನೂ ಕಲಿಯಲಾಗುವುದಿಲ್ಲ. ಲೆಕ್ಕ ತಪ್ಪಿದರೆ ಗೀಚಿ ಕಪ್ಪು ಮಾಡಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಎಲ್ಲಿ ತಪ್ಪಿತೆಂದು ನಿಮಗೂ ಕಾಣಬೇಕು, ನನಗೂ ಕಾಣಬೇಕು ಎಂದು ನಮಗೆ ಈ ಶಾಲೆಯಲ್ಲಿ ಗಣಿತ ಕಲಿಸಿದ ಗುರುಗಳು ಹೇಳುತ್ತಿದ್ದರು. ಗಾಂಧೀಜಿ ಆ ಕೋರ್ಟಿನಲ್ಲಿ ಮಾಡಿದ್ದೂ ಅಷ್ಟನ್ನೇ. ಅಂಥ ಗುರುಗಳನ್ನು ಐವತ್ತು ವರ್ಷಗಳಿಂದ ನಮ್ಮೂರ ಮಕ್ಕಳಿಗೆ ಕೊಟ್ಟ ಈ ಶಾಲೆಗೆ ನನ್ನ ನಮಸ್ಕಾರ. ಶಾಲೆ ನೂರು ವರ್ಷ ತುಂಬಿಸಲಿ.